ತುಲಾಪುರುಷದಾನವೂ ಗದುಗಿನ ಪುಣ್ಯಾಶ್ರಮವೂ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರಗಡ್ಡೆಯು ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಎದುರಾಗಿ ತುಂಗಭದ್ರೆಯಲ್ಲಿರುವ ನಡುಗಡ್ಡೆಯು. ಅಲ್ಲಿಂದ ಹೊಳೆಯನ್ನು ದಾಟಿ, ದಕ್ಷಿಣದ ದಡವನ್ನೇ ಹಿಡಿದು ಪೂರ್ವಕ್ಕೆ ನಡೆದರೆ, ವಿಠ್ಠಲ ದೇವಾಲಯದ ಸಮೀಪದಲ್ಲಿ ಎರಡು ಎತ್ತರವಾದ ಕಲ್ಲುಕಂಬಗಳೂ ಅವುಗಳ ಮೇಲೊಂದು ಅಡ್ಡತೊಲೆಯೂ ಕಾಣುವುವು. ತಕ್ಕಡಿಯನ್ನು ತೂಗುಹಾಕಲು ತೊಲೆಯಲ್ಲಿ ಮೂರು ಕಲ್ಲಿನ ಬಳೆಗಳಿವೆ. ಒಂದು ಕಂಬದ ಬುಡದಲ್ಲಿ ಅರಸನನ್ನೂ ಇಬ್ಬರು ರಾಣಿಯರನ್ನೂ ಕೆತ್ತಿದ್ದಾರೆ. ಅರಸರು ತಮ್ಮ ತೂಕದ ಸುವರ್ಣವನ್ನು ದಾನಮಾಡುತ್ತಿದ್ದ ಸ್ಥಳವಿದೆಂದು ಪ್ರಸಿದ್ಧಿಯುಂಟು.

ಮತ್ಸ್ಯಪುರಾಣದಲ್ಲಿ ಹೇಳಿರುವ ಹದಿನಾರು ಮಹಾದಾನಗಳಲ್ಲಿ ತುಲಾಪುರುಷವೇ ಮೊದಲನೆಯದು. ಕೃಷ್ಣದೇವರಾಯನು 1515ರಲ್ಲಿ ಕೃಷ್ಣಾತೀರದ ಅಮರಾವತಿಯಲ್ಲಿ ಇದನ್ನಾಚರಿಸಿದನೆಂದು ಶಾಸನವಿದೆ. ತೂಗಿದ ಚಿನ್ನದಲ್ಲಿ ಅರ್ಧವು ಗುರುವಿಗೆ, ಉಳಿದರ್ಧವು ಋತ್ವಿಜರಿಗೆ. ಅವರ ಅನುಜ್ಞೆಯನ್ನು ಪಡೆದು ಇತರರಿಗೂ ದೀನರಿಗೂ ಅನಾಥರಿಗೂ ಕೊಡತಕ್ಕದ್ದು. ಆ ಚಿನ್ನವನ್ನು ಬಹುಕಾಲ ಮನೆಯಲ್ಲಿಟ್ಟುಕೊಳ್ಳಕೂಡದು ಎಂಬುದು ವಿಧಿ. ಅಂಗಹೀನರು ದೀನರೊಳಗೆ ಸೇರಿದವರೇ ಎಂದಿಟ್ಟುಕೊಂಡರೂ, ಅವರ ಸ್ಥಾನವು ಪಂಕ್ತಿಯ ಕೊನೆಯದು. ಅದೂ ಪರರ ಅನುಜ್ಞೆಗೆ ಒಳಪಟ್ಟದ್ದು.

ಇದಕ್ಕಿಂತ ಉದಾರವಾದ ಏರ್ಪಾಡು ಕರ್ಣಾಟಕದಲ್ಲಿ ಅದಕ್ಕೂ ಹಿಂದೆಯೇ ಇದ್ದಿತು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಕುಂಟರು, ಕುರುಡರು, ಕಿವುಡರು ಮೊದಲಾದವರನ್ನು ಹೆಸರೆತ್ತಿ ಹೇಳಿ, ಅವರಿಗೆ ಅಲ್ಲಿ ಅನ್ನವು ದೊರೆಯುತ್ತಿತ್ತೆಂದೂ ಅನಾಥರೋಗಿಗಳಿಗೆ ಚಿಕಿತ್ಸೆಯು ನಡೆಯುತ್ತಿತ್ತೆಂದೂ ತಿಳಿಸುತ್ತದೆ. ಅದೇ ಶಾಸನದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠದ ಮಾತೂ ಬರುತ್ತದೆ. ಆದರೆ ಕುರುಡನ ಹೆಸರು ಬಂದಿರುವುದು ಅನ್ನದ ಪಟ್ಟಿಯಲ್ಲಿ, ವಿದ್ಯೆಯ ಪಟ್ಟಿಯಲ್ಲಲ್ಲ. ಅವನಿಗೆ ಒಂದು ಕಸುಬನ್ನು ಕಲಿಸಿ ಸ್ವತಂತ್ರನನ್ನಾಗಿ ಮಾಡಬಹುದೆಂಬ ಯೋಚನೆಯು ಆ ಶಾಸನದಲ್ಲಿ ಕಾಣಿಸದು.

ಆ ಯೋಚನೆಯು ಕೊಪ್ಪಳಕ್ಕೆ ನೆರೆಯದಾದ ಗದುಗಿನಲ್ಲಿ ಫಲಿಸಿತು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಗುರುಡರಾಗಿ ಜನಿಸಿದ ಪಂಚಾಕ್ಷರ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತವಿದ್ಯೆಯನ್ನು ಕೊಡಿಸಿದರು. 1914ರಲ್ಲಿ ಗವಾಯಿಗಳು ಪಾಠಶಾಲೆಯನ್ನು ಆರಂಭಿಸಿದರು. ಅದಕ್ಕೆ ಕಟ್ಟಡವಿರಲಿಲ್ಲ, ಶಿಷ್ಯರೊಡನೆ ಊರಿಂದೂರಿಗೆ ಸಂಚರಿಸುವುದೇ ಶಾಲೆ. ಮುಂದೆ ಅದು ಗದುಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವೆಂದು ಪ್ರಸಿದ್ಧವಾಯಿತು. ಕುರುಡ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ, ವಸತಿ, ವಿದ್ಯೆ ಮೂರೂ ಉಚಿತ.

ಇಷ್ಟು ಮಂದಿಗೆ ಅನ್ನವೆಲ್ಲಿಂದ? ಆಶ್ರಮವು ನಾಟಕ ಸಂಘವನ್ನು ಕಟ್ಟಿ ಊರೂರಿಗೆ ಹೋಗಿ ಆಟವಾಡಿತು. ಆ ಹುಟ್ಟುವಳಿಯು ದಾಸೋಹಕ್ಕೆ ಸಂದಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಮೇಲೆ, ಶೈಶವದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು ಭಾರವನ್ನು ಹೊತ್ತು, ತಾವೇ ನಾಟಕಗಳನ್ನು ರಚಿಸಿದರು. ಆದರೆ ಜನರ ಮನಸ್ಸಿನಲ್ಲಿ ಅಚ್ಚೊತ್ತಿರುವುದು ತುಲಾಭಾರ. ಭಕ್ತರು ಅವರನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ನಾಣ್ಯಗಳಿಂದ ತೂಗುತ್ತಿದ್ದರು. ಆ ಹಣವು ಆಶ್ರಮದ ಮಕ್ಕಳಿಗೆ. ಗವಾಯಿಗಳು ಕೃಶಾಂಗರು, ಒಂದು ತೂಕಕ್ಕೆ ಬರುವುದು ಅಲ್ಪವೇ ಸರಿ; ಆದಕಾರಣ ಮೇಲಿಂದ ಮೇಲೆ ತೂಗಿಸಿಕೊಳ್ಳಬೇಕಾಗುತ್ತಿತ್ತು!

ಹಂಪೆಯ ತಕ್ಕಡಿಯಲ್ಲಿ ಕುಳಿತವನು ದಾತೃ. ಇಲ್ಲಿ ಕುಳಿತವರು ಪ್ರತಿಗ್ರಹೀತೃ, ತಾವೇ ಅಂಧರು. ಅಲ್ಲಿ ಒಬ್ಬನ ಬೊಕ್ಕಸದ ಚಿನ್ನ; ಇಲ್ಲಿ ಹಲವರ ಗಂಟಿನ ಬಿಡಿಕಾಸು. ದೀನರ ಪಾಲಿಗೆ ಯಾರ ಅನುಜ್ಞೆಯೂ ಬೇಕಿಲ್ಲ. ಚಿನ್ನವನ್ನು ಮನೆಯಲ್ಲಿಡಬಾರದೆಂಬ ವಿಧಿಯೊಂದು ಮಾತ್ರ ಇಲ್ಲಿ ತಾನಾಗಿಯೇ ಪಾಲನೆಯಾಗುತ್ತಿತ್ತು, ಮಕ್ಕಳ ಊಟಕ್ಕೆ ನಾಳೆಯೆಂಬುದಿಲ್ಲವಷ್ಟೆ.

ಆದರೂ ಈ ಕ್ರಮದಲ್ಲಿ ಒಂದು ಭಯವಿದ್ದೇ ಇತ್ತು. ಭೂದತ್ತಿಯು ವರ್ಷವರ್ಷವೂ ಬೆಳೆ ಕೊಡುವುದು. ತುಲಾಭಾರವಾದರೋ ಒಬ್ಬ ಮಹನೀಯರ ದೇಹವನ್ನೂ ಭಕ್ತರ ಪ್ರೀತಿಯನ್ನೂ ಆಶ್ರಯಿಸಿದ್ದು. ಅಂಗವಿಕಲರ ಹಕ್ಕನ್ನು ಕೇಂದ್ರ ಸರಕಾರವು 1995ರಲ್ಲಿಯೂ 2016ರಲ್ಲಿಯೂ ಕಾನೂನಿನಲ್ಲಿ ಬರೆಯಿತು; ಆಶ್ರಮವು ಕೆಲಸಕ್ಕೆ ತೊಡಗಿದಾಗ ಅಂತಹ ಆಸರೆ ಯಾವುದೂ ಇರಲಿಲ್ಲ. 2010ರ ಸೆಪ್ಟೆಂಬರ್ 17ರಂದು ಪುಟ್ಟರಾಜರು ಲಿಂಗೈಕ್ಯರಾದರು. ಆಶ್ರಮವು ನಿಲ್ಲಲಿಲ್ಲ. ಶ್ರಾವಣಮಾಸದಲ್ಲಿ ಈ ಭಾಗದ ಮಠಗಳಲ್ಲಿ ಪುರಾಣ ನಡೆಯುವಾಗ ಹಾರ್ಮೋನಿಯಂ ಹಿಡಿದು ಹಾಡುವವರೂ ತಬಲ ನುಡಿಸುವವರೂ ಅನೇಕವೇಳೆ ಅಲ್ಲಿಯೇ ಕಲಿತವರು. ಸಂಭಾವನೆಯನ್ನು ಪಡೆದು ಅವರು ತಮ್ಮ ಸಂಸಾರವನ್ನು ನಡೆಸುತ್ತಾರೆ.