ಕಲಿಮ್ನೋಸ್‌ನ ಸ್ಪಂಜು ಮುಳುಗುಗಾರರು: ನೀರಿನ ಒತ್ತಡ ಮತ್ತು ಒಂದು ಕುಣಿತ

ಈಜಿಯನ್ ಸಮುದ್ರದ ಗ್ರೀಕ್ ದ್ವೀಪವಾದ ಕಲಿಮ್ನೋಸ್‌ನಲ್ಲಿ ಮಿಹಾನಿಕೋಸ್ ಎಂಬ ಕುಣಿತವೊಂದು ಬಳಕೆಯಲ್ಲಿದೆ. ಸಾಲಿನ ಮುಂದಾಳು ಊರುಗೋಲು ಹಿಡಿದು, ನಡುಗುವ ಕಾಲುಗಳನ್ನು ಎತ್ತಿಡಲು ಹೆಣಗುತ್ತಾನೆ. ಉಳಿದವರು ಎಂದಿನ ಲಯದಲ್ಲಿಯೇ ಹೆಜ್ಜೆ ಹಾಕುತ್ತಾರೆ. ಕುಣಿತದ ಹೆಸರಿಗೆ ಮೂಲ, ಗ್ರೀಕ್ ಭಾಷೆಯಲ್ಲಿ ಯಂತ್ರವನ್ನು ಸೂಚಿಸುವ ಪದ. ಯಂತ್ರದ ಉಡುಪು ತೊಟ್ಟು ಸ್ಪಂಜು ತೆಗೆಯಲು ಕಡಲಿಗಿಳಿದು, ಕಾಲುಗಳ ಸ್ವಾಧೀನ ಕಳೆದುಕೊಂಡವನ ನಡಿಗೆಯದು. ಇದನ್ನು ಅನುಕರಣೆಯ ಕುಣಿತವೆಂದು ವರ್ಗೀಕರಿಸಿ ಮುಂದೆ ಸಾಗುವುದು ಸುಲಭ. ಆದರೆ ನೀರಿನ ಒತ್ತಡವು ಮನುಷ್ಯದೇಹದ ಮೇಲೆ ಮಾಡಿದ ಪರಿಣಾಮದ ದಾಖಲೆಯೂ ಇದಾಗಿದೆ.

ಯಂತ್ರಕ್ಕೆ ಮೊದಲು ಕಲ್ಲಿತ್ತು. ಹಗ್ಗ ಕಟ್ಟಿದ ಚಪ್ಪಟೆ ಕಲ್ಲನ್ನು ಹಿಡಿದು, ಒಂದೇ ಉಸಿರಿನಲ್ಲಿ ತಳಕ್ಕಿಳಿದು ಮೇಲೆ ಬರುವುದು ಪರಂಪರಾಗತ ಕ್ರಮ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರಿನಲ್ಲಿ ಎದೆಯೊಳಗಿನ ಗಾಳಿ ಅರ್ಧಕ್ಕೂ, 30 ಮೀಟರಿನಲ್ಲಿ ಕಾಲುಭಾಗಕ್ಕೂ ಕುಗ್ಗುತ್ತದೆ. ಮೊದಲು ನೋಯುವುದು ಕಿವಿ. 1913ರಲ್ಲಿ ಕಾರ್ಪಥೋಸ್ ಬಳಿ ಇಟಲಿಯ ರೆಜಿನಾ ಮಾರ್ಘೆರಿತಾ ನೌಕೆಯ ಲಂಗರನ್ನು 70 ಮೀಟರಿಗೂ ಮಿಕ್ಕ ಆಳದಿಂದ ಪತ್ತೆಹಚ್ಚಿಕೊಟ್ಟ ಸ್ತಾಥಿಸ್ ಹಾಜಿಸ್‌ನ ಕಿವಿತಮಟೆಗಳು ಹಾಳಾಗಿದ್ದುದನ್ನು ನೌಕಾವೈದ್ಯರು ಗುರುತಿಸಿದ್ದರು. ಆದರೆ ಆತ ತನ್ನ ಕಾಲ ಮೇಲೆಯೇ ನಡೆಯುತ್ತಿದ್ದ.

1860ರ ದಶಕದಲ್ಲಿ ಈ ದ್ವೀಪಗಳಿಗೆ ಬಂದ ಲೋಹದ ಶಿರಸ್ತ್ರಾಣದ ಉಡುಪು ಚಿತ್ರವನ್ನೇ ಬದಲಿಸಿತು. ದೋಣಿಯಿಂದ ಪಂಪು ಮಾಡಿದ ಗಾಳಿ ದೊರೆತುದರಿಂದ ಮುಳುಗುಗಾರ ತಳದಲ್ಲಿ ದೀರ್ಘಕಾಲ ನಿಲ್ಲತೊಡಗಿದ. ಸಿಕ್ಕ ಸ್ಪಂಜಿನ ಪ್ರಮಾಣ ಹೆಚ್ಚಿತು, ಸಾಲ ಕೊಟ್ಟ ವರ್ತಕನ ಒತ್ತಾಯವೂ ಹೆಚ್ಚಿತು. ನೀರಿನ ಒತ್ತಡಕ್ಕೆ ಸಮನಾದ ಗಾಳಿಯನ್ನು ಉಸಿರಾಡುವಾಗ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತ ಹೋಗುತ್ತದೆ. ಥಟ್ಟನೆ ಮೇಲೆ ಬಂದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಾಗುವಂತೆ, ಅದು ಗುಳ್ಳೆಗಳಾಗುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದರೆ ಕಾಲು ಸೋಲುತ್ತದೆ. ಒಂದೇ ಉಸಿರಿನವನಿಗೆ ಕರಗಿಸಿಕೊಳ್ಳಲು ಅಷ್ಟು ಗಾಳಿಯೂ ಇರಲಿಲ್ಲ, ಅಷ್ಟು ಹೊತ್ತೂ ಇರಲಿಲ್ಲ.

ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿಯೇ ಈ ಕಾರಣವನ್ನು ವಿವರಿಸಿದ್ದ. ಆದರೂ 1900–01ರಲ್ಲಿ ಸಿಮಿ ದ್ವೀಪದ ಸ್ಪಂಜು ಮುಳುಗುಗಾರರು ಆಂಟಿಕಿಥೆರಾದ ಮುಳುಗಿದ ಹಡಗಿನಿಂದ ಪ್ರಾಚೀನ ಶಿಲ್ಪಗಳನ್ನು ಮೇಲೆತ್ತಿದಾಗ ಒಬ್ಬ ಸತ್ತು, ಇಬ್ಬರು ಪಾರ್ಶ್ವವಾಯುವಿಗೆ ತುತ್ತಾದರು. ಹಂತಹಂತವಾಗಿ ಮೇಲೇರುವ ಹಾಲ್ಡೇನನ ಕೋಷ್ಟಕಗಳು 1908ರಲ್ಲಿ ಪ್ರಕಟವಾದವು. ಬೆನ್ನಿಗೆ ಸಿಲಿಂಡರ್ ಕಟ್ಟಿ ಇಳಿಯುವ ಇಂದಿನ ಸ್ಕೂಬಾ ಮುಳುಗುಗಾರರು ಪಾಲಿಸುವ ನಿಯಮಗಳ ಬೇರು ಅಲ್ಲಿಯೇ ಇದೆ. ಗ್ರಂಥಾಲಯಕ್ಕೆ ಬಂದ ತಿಳಿವಳಿಕೆ ದೋಣಿಕಟ್ಟೆಯನ್ನು ತಲುಪಲು ತಡವಾಯಿತು.

ಮಿಹಾನಿಕೋಸ್ ಕುಣಿತದಲ್ಲಿ ಕಿವಿಯ ನೋವಿಗೆ ಎಡೆಯಿಲ್ಲ. ಕಲ್ಲಿನ ಕಾಲದ ಕಿವುಡುತನ ಕಸುಬಿನ ಭಾಗವೆಂದೇ ಸಂದಿರಬೇಕು. ಯಂತ್ರದ ಕಾಲದ ಕುಂಟುನಡೆ ಮಾತ್ರ ಬೀದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.