ಬಿಡಿ ಸಾಮಾನು ತಂದು ಕಂಪ್ಯೂಟರ್ ಕೂಡಿಸಿದ ಕಥೆ

ಹೋದ ವಾರ ನಮ್ಮ ಚಿಂತಾಮಣಿ ನಾದಿನಿ ಫೋನ್ ಮಾಡಿದ್ಲು. "ಏನ್ ಅತ್ತಿಗೆ, ಎಪ್ಪತ್ತು ಸಾವಿರ ಸುರಿದು ಆಟ ಆಡೋ ಕಂಪ್ಯೂಟರ್ ತಂದ್ರಂತೆ, ಅದೂ ಬಿಡಿ ಬಿಡಿಯಾಗಿ?" ಅಂತ ಕೇಳಿದ್ಲು. ಫೋನಲ್ಲಿ ಹೇಳಿ ಮುಗಿಸೋ ಮಾತಲ್ಲ ಅದು. ಅದಕ್ಕೆ ಬರೀತಾ ಇದೀನಿ, ನೀವೂ ಓದ್ಕೊಳ್ಳಿ.

ನಮ್ಮನೆಗೆ ಮೊದಲ ಕಂಪ್ಯೂಟರ್ ಬಂದಿದ್ದು 2006ರಲ್ಲಿ, ಮಗಳ ಓದಿಗೆ ಅಂತ. ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆ ಆಗಿರಲಿಲ್ಲ, ನಾವೆಲ್ಲ ಕೋಲಾರ ಜಿಲ್ಲೆಯೋರೇ. ಅದೂ ಅಂಗಡಿಯೋರು ಕೂಡಿಸಿ ಕೊಟ್ಟಿದ್ದೇ. ಡಬ್ಬದ ಜೊತೇಲೇ ಎಸ್‌ಎಂಪಿಎಸ್ ಪುಕ್ಕಟೆ ಅಂದ್ರು, ನಾವೂ ಖುಷಿ ಪಟ್ವಿ. ಗೋಡೆಯಿಂದ ಬರೋ 230 ವೋಲ್ಟ್ ಕರೆಂಟನ್ನ 12, 5, 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆ ಉಣಿಸೋ ಪೆಟ್ಟಿಗೆ ಅದು. ಮೂರು ವರ್ಷಕ್ಕೆ, ಒಂದು ಮಳೆ ಸಂಜೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡ್ತು. ಟಪ್ ಅಂತು. ಸುಟ್ಟ ವಾಸನೆ. ಬೋರ್ಡೂ ಹೋಯ್ತು, ಹಾರ್ಡ್ ಡಿಸ್ಕೂ ಹೋಯ್ತು. ಮಾವನೋರು ತೀರಿಕೊಳ್ಳೋ ಮುಂಚೆ ಕೈವಾರಕ್ಕೆ ಕರ್ಕೊಂಡು ಹೋಗಿ ತೆಗೆದಿದ್ದ ಫೋಟೋಗಳೆಲ್ಲ ಅದರಲ್ಲೇ ಇದ್ವು. ಒಂದನ್ನೂ ಪ್ರಿಂಟ್ ಹಾಕಿಸಿರಲಿಲ್ಲ.

ಅದಕ್ಕೇ 2023ರಲ್ಲಿ ಮಗ ಗೇಮಿಂಗ್ ಕಂಪ್ಯೂಟರ್ ಬೇಕು ಅಂದಾಗ ನಾನು ಒಂದು ಷರತ್ತು ಹಾಕಿದೆ. ಅವನ ಸಂಬಳದಲ್ಲಿ ಉಳಿಸಿದ್ದು 30 ಸಾವಿರ, ನಾನು ಕೊಡೋದು ಗೂಡು ಮಾರಿದ ದುಡ್ಡಲ್ಲಿ 40 ಸಾವಿರ. ಒಂದೊಂದು ಭಾಗನೂ ಏನು, ಯಾಕೆ ಅಂತ ನನಗೆ ತಿಳಿಸಿ ಆಮೇಲೆ ಕೊಂಡ್ಕೊ ಅಂದೆ. ಪಿಯುಸೀಲಿ ನನಗೆ ಹಿಸ್ಟರಿ ಅಂದ್ರೆ ಇಷ್ಟ. "ಮೊದಲಿಂದ ಹೇಳು" ಅಂದೆ. ಪಾಪ, ಎರಡು ರಾತ್ರಿ ಕೂತು ಹೇಳ್ದ.

ಈ ಕಥೆ ಶುರುವಾಗೋದೇ ರೇಷ್ಮೆಯಿಂದ ಕಣ್ರಮ್ಮ! ಫ್ರಾನ್ಸಿನ ಲಿಯೋನ್ ಅನ್ನೋ ಊರು, ನಮ್ಮ ಶಿಡ್ಲಘಟ್ಟದ ಥರ ರೇಷ್ಮೆ ನಂಬಿದ ಊರು. ಅಲ್ಲಿ 1804ರ ಸುಮಾರಿಗೆ ಜಕಾರ್ಡ್ ಅನ್ನೋನು ತೂತು ಹೊಡೆದ ಕಾರ್ಡಿಂದ ಮಗ್ಗಕ್ಕೆ ಡಿಸೈನ್ ಹೇಳಿಕೊಟ್ಟ. ನಮ್ಮ ಸೀರೆ ಅಂಚು ನೇಯೋ ಅದೇ ಜಕಾರ್ಡು. ಆಮೇಲೆ ಅಮೆರಿಕದಲ್ಲಿ 1890ರ ಜನಗಣತೀನ ಹೊಲೆರಿತ್ ಅನ್ನೋನ ಮೆಷಿನ್ನು ತೂತಿನ ಕಾರ್ಡಲ್ಲೇ ಎಣಿಸ್ತು. ಅವನ ಕಂಪನಿ ಬೇರೆ ಕಂಪನಿಗಳ ಜೊತೆ ಸೇರಿ, ಬೆಳೆದು, 1924ರಲ್ಲಿ ಐಬಿಎಂ ಅಂತ ಹೆಸರಿಟ್ಟುಕೊಳ್ತು.

ಬಿಡಿ ಭಾಗದ ಕಥೆಗೆ ಕಾರಣಾನೂ ಅದೇ ಐಬಿಎಂ. 1981ರಲ್ಲಿ ಅವಸರವಾಗಿ ಪರ್ಸನಲ್ ಕಂಪ್ಯೂಟರ್ ತರಬೇಕಿತ್ತು, ಎಲ್ಲಾ ತಾನೇ ಮಾಡ್ತಾ ಕೂತ್ರೆ ತಡ. ಪ್ರೊಸೆಸರ್ ಇಂಟೆಲ್‌ದು, ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ದು ತಗೊಂಡು ಕೂಡಿಸಿಬಿಡ್ತು. ಒಳಗಿನ ನಕ್ಷೆನೂ ಪುಸ್ತಕ ಮಾಡಿ ಅಚ್ಚು ಹಾಕಿಸ್ತು. ಕಾಂಪ್ಯಾಕ್ ಥರದ ಬೇರೆ ಕಂಪನಿಗಳು ಅದೇ ಥರದ್ದು ಮಾಡೋಕೆ ನಿಂತ್ವು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಂತ ಅಳತೆ ಕಟ್ಟಿದ ಮೇಲೆ, ಸ್ಕ್ರೂ ತೂತು ಎಲ್ಲಿರಬೇಕು ಅನ್ನೋದೂ ಗೊತ್ತಾಯ್ತು. ಒಂದು ಕಂಪನಿ ಕುಕ್ಕರ್ ಗ್ಯಾಸ್ಕೆಟ್ ಇನ್ನೊಂದಕ್ಕೆ ಕೂರಲ್ಲ, ಆದ್ರೆ ಇಲ್ಲಿ ಯಾರ ಬೋರ್ಡಾದ್ರೂ ಯಾರ ಡಬ್ಬದಲ್ಲಾದ್ರೂ ಕೂರ್ತದೆ. ಕುಕ್ಕರಿನೋರಿಗೆ ಈ ಬುದ್ಧಿ ಯಾವಾಗ ಬರ್ತದೋ.

ನಮ್ಮ ದೇಶದಲ್ಲಿ 1984ರ ಕಂಪ್ಯೂಟರ್ ನೀತಿ ಬಂದು ಸಾಮಾನು ತರಿಸೋದು ಸಲೀಸಾಯ್ತು. 1997ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ 2005ರ ಹೊತ್ತಿಗೆ ಸುಂಕ ತೆಗೆದ್ರು. ಬೆಂಗಳೂರಿನ ಎಸ್‌ಪಿ ರೋಡ್, ಅಂದ್ರೆ ಸಾದರ್ ಪತ್ರಪ್ಪ ರಸ್ತೆ, ಬಿಡಿ ಭಾಗದ ಪೇಟೆ ಆಗಿರೋದು ನಿಮಗೂ ಗೊತ್ತು.

ಆಟಕ್ಕೆ ಮುಖ್ಯ ಗ್ರಾಫಿಕ್ಸ್ ಕಾರ್ಡು. 1999ರಲ್ಲಿ ಎನ್‌ವಿಡಿಯಾ ಜಿಫೋರ್ಸ್ 256 ತಂದು ಅದಕ್ಕೆ ಜಿಪಿಯು ಅಂತ ಹೆಸರಿಡ್ತು. 2021ರಲ್ಲಿ ಕ್ರಿಪ್ಟೋ ದುಡ್ಡು ಗಣಿ ಮಾಡೋರೂ ಇದೇ ಕಾರ್ಡಿಗೆ ಬಿದ್ದು ಬೆಲೆ ಆಕಾಶಕ್ಕೆ ಹೋಗಿತ್ತಂತೆ. 2022ರ ಸೆಪ್ಟೆಂಬರಲ್ಲಿ ಇಥೀರಿಯಂನೋರು ಆ ದಾರಿ ಬಿಟ್ಟ ಮೇಲೆ ಇಳೀತು. ನಾವು ಕಾದಿದ್ದು ಒಳ್ಳೇದಾಯ್ತು.

ಒಂದು ಶನಿವಾರ ಬಸ್ ಹತ್ತಿ ಹೋದ್ವಿ. ಪ್ರೊಸೆಸರ್ ರೈಜನ್ 5 5600, 12,500. ಬೋರ್ಡ್ 9,000. ಕಾರ್ಡು ಎಎಂಡಿಯ ಆರ್‌ಎಕ್ಸ್ 6600, 21,000. ಒಂದು ಟಿಬಿ ಎಸ್‌ಎಸ್‌ಡಿ 4,500, ಮಾನಿಟರ್ 10,500. ರ್‍ಯಾಮ್ 16 ಜಿಬಿ, 3,500, ಆದ್ರೆ ಎಂಟೆಂಟರ ಎರಡು ಪಟ್ಟಿ. ಒಂದೇ ಕೈಲಿ ಬಿಂದಿಗೆ ಹೊರೋದಕ್ಕಿಂತ ಎರಡು ಕೈಲಿ ಹೊತ್ರೆ ಬೇಗ ತಾನೆ, ಹಂಗೆ.

ಜಗಳ ಬಂದಿದ್ದು ಎಸ್‌ಎಂಪಿಎಸ್ ಹತ್ರ. ಅವನ ಕಣ್ಣು ಬಣ್ಣದ ಲೈಟಿರೋ 7,000ದ ಗಾಜಿನ ಡಬ್ಬದ ಮೇಲೆ. ಉಳಿದಿದ್ದರಲ್ಲಿ ಎಸ್‌ಎಂಪಿಎಸ್ ಕಮ್ಮಿದು ಹಾಕ್ಸೋಣ ಅಂದ. ಗೂಡಿನ ಮಾರ್ಕೆಟ್ಟಲ್ಲಿ ರೀಲರು ಜಾಲರಿಗೆ ಕೈ ಹಾಕಿ, ನಾಲ್ಕು ಗೂಡು ತೆಗೆದು, ಒತ್ತಿ, ಕಿವಿ ಹತ್ರ ಅಲ್ಲಾಡಿಸಿ ನೋಡ್ತಾರಲ್ಲ? ಹೊಳಪು ನೋಡಿ ಯಾರೂ ಕೂಗಲ್ಲ. ನಾನೂ ಹಂಗೇ ಕೇಳ್ದೆ. ಕಾರ್ಡಿಗೆ 132 ವ್ಯಾಟ್, ಪ್ರೊಸೆಸರಿಗೆ 65, ಮಿಕ್ಕಿದ್ದೆಲ್ಲ ಸೇರಿ 300 ದಾಟಲ್ಲ, 550 ವ್ಯಾಟಿಂದು ಧಾರಾಳ ಅಂದ್ರು. 80 ಪ್ಲಸ್ ಅನ್ನೋ ಮುದ್ರೆ 2004ರಿಂದ ಐತಂತೆ. ಒಳಗೆ ಹೋದ ಕರೆಂಟಲ್ಲಿ ನೂರಕ್ಕೆ ಕಮ್ಮಿ ಅಂದ್ರೂ 80 ಪಾಲು ಕೆಲಸಕ್ಕೆ ಬರ್ತದೆ, ಮಿಕ್ಕಿದ್ದು ಬಿಸಿಯಾಗಿ ಹೋಗ್ತದೆ. ಆದ್ರೆ ಆ ಮುದ್ರೆ ಉಳಿತಾಯಕ್ಕೆ, ಕಾಪಾಡೋದಕ್ಕಲ್ಲ. ವೋಲ್ಟೇಜ್ ಏರಿದ್ರೆ, ಶಾರ್ಟ್ ಆದ್ರೆ ತಾನೇ ನಿಲ್ಲೋ ಗುಣ ಐತಾ ಅಂತ ಬೇರೆಯಾಗಿ ಕೇಳಬೇಕು. ಕೇಳಿ, 4,800ದು ತಗೊಂಡೆ. ಡಬ್ಬ 3,500ದ ಕರೀದು. ಒಟ್ಟು 69,300. ಬಸ್ಸಲ್ಲಿ ದೇವನಹಳ್ಳಿ ದಾಟೋವರೆಗೂ ಮಗ ಮಾತಾಡಲಿಲ್ಲ.

ಭಾನುವಾರ ಕೂಡಿಸ್ದ. ಬಟನ್ ಒತ್ತಿದ್ರೆ ಫ್ಯಾನ್ ತಿರುಗ್ತದೆ, ಪರದೆ ಕಪ್ಪು. ನನ್ನ ಎದೆ ಧಸಕ್ ಅಂತು. ನೋಡಿದ್ರೆ ಮಾನಿಟರ್ ವೈರನ್ನ ಬೋರ್ಡಿಗೆ ಚುಚ್ಚಿದಾನೆ. ಈ ಪ್ರೊಸೆಸರಿಗೆ ಸ್ವಂತ ಗ್ರಾಫಿಕ್ಸ್ ಇಲ್ಲ, ಕಾರ್ಡಿಗೇ ಚುಚ್ಚಬೇಕು. ಸರಿ ಮಾಡಿದ ಮೇಲೆ ಬಂತು.

ಆಮೇಲೆ ಯುಪಿಎಸ್ಸೂ ಹಾಕ್ಸಿದೀವಿ, ಫೋಟೋ ಇಡೋಕೆ ಹೊರಗಿನ ಡಿಸ್ಕ್ ಒಂದು ಬೇರೆ ತಂದಿದೀವಿ. ಮಾವನೋರ ಫೋಟೋ ನಿನ್ನ ಹತ್ರ ಯಾವುದಾದ್ರೂ ಉಳಿದೈತಾ ಅಂತ ನಾದಿನೀನ ಕೇಳ್ದೆ. ಮದುವೆ ಆಲ್ಬಮಲ್ಲಿ ಎರಡೋ ಮೂರೋ ಇರಬೇಕು, ಹಬ್ಬಕ್ಕೆ ಬರೋವಾಗ ತರ್ತೀನಿ ಅಂದವ್ಳೆ.