ಕಾಪೂನ್: ಹ್ಮಾಂಗ್ ಸಮುದಾಯದ ತೆಂಗಿನ ಹಾಲಿನ ನೂಡಲ್ಸ್ ಸೂಪ್ ಮನೆಯಲ್ಲೇ ಮಾಡುವುದು ಹೇಗೆ? ಅದರ ಹಿಂದಿನ ಕಥೆ ಏನು?

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸುನಿಸಾ ಲೀ ಮಹಿಳೆಯರ ಜಿಮ್ನಾಸ್ಟಿಕ್ಸ್ ಆಲ್‌ರೌಂಡ್ ವಿಭಾಗದಲ್ಲಿ ಚಿನ್ನ ಗೆದ್ದಾಗ 'ಹ್ಮಾಂಗ್' ಎಂಬ ಹೆಸರನ್ನು ಅನೇಕರು ಮೊದಲ ಬಾರಿಗೆ ಕೇಳಿದರು. ಸುನಿಸಾ ಈ ಸಮುದಾಯಕ್ಕೆ ಸೇರಿದವರು, ಮಿನ್ನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದವರು. ಸ್ವಂತ ದೇಶವೆಂಬುದು ಇಲ್ಲದ ಹ್ಮಾಂಗ್ ಜನರನ್ನು ಹೊಸ ವರ್ಷದ ಹಬ್ಬ, ಮದುವೆ, ಮನೆ ಪೂಜೆಗಳಲ್ಲಿ ಒಟ್ಟಿಗೆ ಕೂರಿಸುವ ಅಡುಗೆಗಳಲ್ಲಿ ಒಂದು 'ಕಾಪೂನ್'. ಕೆಂಪು ಮಸಾಲೆ, ತೆಂಗಿನ ಹಾಲು, ಕೋಳಿ ಮಾಂಸ ಮತ್ತು ತೆಳು ಅಕ್ಕಿ ಶಾವಿಗೆ ಸೇರಿದ ಸೂಪ್ ಇದು.

ತೆಂಗಿನ ಹಾಲು, ಶಾವಿಗೆ, ಕಳಲೆ, ಬಾಳೆ ಹೂವು ಇವೆಲ್ಲ ಕನ್ನಡದ ಅಡುಗೆ ಮನೆಗೆ ಹೊಸತೇನಲ್ಲ. ಹಾಗಾಗಿ ಮುಂಬೈ, ಚೆನ್ನೈ ಅಥವಾ ದೆಹಲಿಯ ಫ್ಲ್ಯಾಟ್‌ನಲ್ಲೂ ಇದನ್ನು ಮಾಡುವುದು ಕಷ್ಟವಲ್ಲ. ಹಿನ್ನೆಲೆ, ಬೇಕಾಗುವ ಸಾಮಗ್ರಿ, ಮಾಡುವ ವಿಧಾನ ಮತ್ತು ಸಾಮಾನ್ಯವಾಗಿ ಆಗುವ ತಪ್ಪುಗಳ ವಿವರ ಇಲ್ಲಿದೆ.

ಹ್ಮಾಂಗ್ ಜನರು ಯಾರು?

ಹ್ಮಾಂಗ್ ಸಮುದಾಯದ ಮೂಲ ದಕ್ಷಿಣ ಚೀನಾ. ಅಲ್ಲಿನ ಸರ್ಕಾರ ಅವರನ್ನು 'ಮಿಯಾವ್' ಎಂಬ ದೊಡ್ಡ ಗುಂಪಿನಡಿ ಲೆಕ್ಕ ಹಾಕುತ್ತದೆ. 19ನೇ ಶತಮಾನದಲ್ಲಿ ಇವರಲ್ಲಿ ಅನೇಕರು ವಿಯೆಟ್ನಾಂ, ಲಾವೋಸ್ ಮತ್ತು ಥಾಯ್ಲೆಂಡ್‌ನ ಎತ್ತರದ ಬೆಟ್ಟಗಳಿಗೆ ವಲಸೆ ಬಂದರು. ಬೆಟ್ಟದ ಇಳಿಜಾರಿನಲ್ಲಿ ಭತ್ತ, ಮೆಕ್ಕೆಜೋಳ ಬೆಳೆದು, ಕೋಳಿ, ಹಂದಿ ಸಾಕಿ ಬದುಕುತ್ತಿದ್ದರು.

1960ರ ದಶಕದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಲಾವೋಸ್‌ನಲ್ಲಿ ಕಮ್ಯುನಿಸ್ಟ್ ಪಡೆಗಳ ವಿರುದ್ಧ ಹೋರಾಡಲು ಹ್ಮಾಂಗ್ ಯುವಕರ ಸೇನೆ ಕಟ್ಟಿತು. ಇದೇ ಮುಂದೆ 'ರಹಸ್ಯ ಯುದ್ಧ' ಎಂದು ಹೆಸರಾಯಿತು. 1975ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ಮೇಲೆ ಸಾವಿರಾರು ಹ್ಮಾಂಗ್ ಕುಟುಂಬಗಳು ಮನೆ ಬಿಟ್ಟು, ಕಾಡಿನಲ್ಲಿ ದಿನಗಟ್ಟಲೆ ನಡೆದು, ಮೆಕಾಂಗ್ ನದಿ ದಾಟಿ ಥಾಯ್ಲೆಂಡ್ ಸೇರಿದವು. ನದಿ ದಾಟುವಾಗಲೇ ಅನೇಕರು ಪ್ರಾಣ ಕಳೆದುಕೊಂಡರು. ಬದುಕುಳಿದವರು ಬಾನ್ ವಿನಾಯ್‌ನಂತಹ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದು, ನಂತರ ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾಗಳಿಗೆ ಹೋದರು. ಇಂದು ಅಮೆರಿಕದಲ್ಲಿ 3 ಲಕ್ಷಕ್ಕೂ ಹೆಚ್ಚು ಹ್ಮಾಂಗ್ ಜನರಿದ್ದಾರೆ. ಕ್ಯಾಲಿಫೋರ್ನಿಯಾ, ಮಿನ್ನೆಸೋಟಾ ಮತ್ತು ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಇವರ ಸಂಖ್ಯೆ ಹೆಚ್ಚು.

ಇದು ನಿಜಕ್ಕೂ ಹ್ಮಾಂಗ್ ಅಡುಗೆಯೇ?

ಕಾಪೂನ್ ಮೂಲತಃ ಲಾವೋಸ್‌ನ ಬಯಲು ಸೀಮೆಯ 'ಖಾವ್ ಪೂನ್'. ತೆಂಗು ಬೆಳೆಯುವುದು ಬೆಚ್ಚನೆಯ ತಗ್ಗು ಪ್ರದೇಶದಲ್ಲೇ ಹೊರತು ಹ್ಮಾಂಗ್ ಹಳ್ಳಿಗಳಿದ್ದ ತಂಪಾದ ಬೆಟ್ಟಗಳಲ್ಲಿ ಅಲ್ಲ. ಬಿಸಿ ಅನ್ನ, ಸೊಪ್ಪಿನ ಜೊತೆ ಬೇಯಿಸಿದ ಮಾಂಸ, ಪಕ್ಕದಲ್ಲಿ ಖಾರದ ಮೆಣಸಿನಕಾಯಿ ಚಟ್ನಿ ಇದು ಬೆಟ್ಟದ ಹಳೆಯ ಊಟ. ತೆಂಗಿನ ಹಾಲಿನ ಸೂಪ್ ಅವರ ಪಾತ್ರೆಗೆ ಬಂದದ್ದು ನೆರೆಯ ಲಾವೊ ಜನರಿಂದ.

ಹಾಗೆಂದು ಇದನ್ನು ಬೇರೆಯವರ ಅಡುಗೆ ಎಂದು ತಳ್ಳಿಹಾಕುವಂತಿಲ್ಲ. ಊರೂರು ದಾಟಿ ಬಂದ ಸಮುದಾಯಕ್ಕೆ ದಾರಿಯಲ್ಲಿ ಕಲಿತದ್ದೂ ಪರಂಪರೆಯ ಭಾಗವೇ. ಹೆಸರು ಕೂಡ ಹ್ಮಾಂಗ್ ನಾಲಿಗೆಗೆ ತಕ್ಕಂತೆ ಬದಲಾಗಿದೆ. ರೋಮನ್ ಅಕ್ಷರಗಳ ಹ್ಮಾಂಗ್ ಬರಹದಲ್ಲಿ ಈ ಅಡುಗೆಯ ಹೆಸರಿನ ಎರಡೂ ಪದಗಳು 'ಬಿ' ಅಕ್ಷರದಿಂದ ಮುಗಿಯುತ್ತವೆ. ಆದರೆ ಅದನ್ನು ಯಾರೂ ಉಚ್ಚರಿಸುವುದಿಲ್ಲ. ಧ್ವನಿ ಎತ್ತರಿಸಿ ಹೇಳಬೇಕು ಎಂಬುದಕ್ಕೆ ಅದು ಗುರುತು ಮಾತ್ರ. ಈ ಬರಹ ಪದ್ಧತಿ ರೂಪುಗೊಂಡಿದ್ದು 1950ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೆ ಕಥೆ, ಹಾಡುಗಳಂತೆ ಅಡುಗೆಯೂ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿ ಬಂತು.

ಬೇಕಾಗುವ ಸಾಮಗ್ರಿಗಳು (6 ಜನರಿಗೆ)

ಸೂಪ್‌ಗೆ:
- ಮೂಳೆ ಸಹಿತ ಕೋಳಿ ಮಾಂಸ – 1 ಕೆ.ಜಿ.
- ನೀರು – 2 ಲೀಟರ್
- ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು) – 3 ಕಡ್ಡಿ
- ಗಲಂಗಲ್ ಅಂದರೆ ಥಾಯ್ ಶುಂಠಿ – 5 ತುಂಡು
- ಕಾಫಿರ್ ಲೈಮ್ ಎಲೆ – 5
- ಕೆಂಪು ಕರಿ ಪೇಸ್ಟ್ – 4 ಟೇಬಲ್ ಚಮಚ
- ತೆಂಗಿನ ಹಾಲು – 400 ಮಿ.ಲೀ.ನ 2 ಡಬ್ಬಿ ಅಥವಾ 2 ತೆಂಗಿನಕಾಯಿಯ ಹಾಲು
- ಬೇಯಿಸಿದ ಕಳಲೆ, ಉದ್ದಕ್ಕೆ ತೆಳುವಾಗಿ ಹೆಚ್ಚಿದ್ದು – 250 ಗ್ರಾಂ
- ಜಜ್ಜಿದ ಬೆಳ್ಳುಳ್ಳಿ – 6 ಎಸಳು
- ಸಣ್ಣ ಈರುಳ್ಳಿ – 8
- ಎಣ್ಣೆ – 3 ಟೇಬಲ್ ಚಮಚ
- ಫಿಶ್ ಸಾಸ್ – 2ರಿಂದ 3 ಟೇಬಲ್ ಚಮಚ
- ಸಕ್ಕರೆ – 1 ಟೀ ಚಮಚ, ಉಪ್ಪು ರುಚಿಗೆ

ಬಟ್ಟಲಿಗೆ:
- ಒಣ ಅಕ್ಕಿ ನೂಡಲ್ಸ್ (ರೈಸ್ ವರ್ಮಿಸೆಲ್ಲಿ) – 400 ಗ್ರಾಂ
- ಸಣ್ಣಗೆ ಹೆಚ್ಚಿದ ಎಲೆಕೋಸು, ಕ್ಯಾರೆಟ್ ತುರಿ, ಬಾಳೆ ಹೂವಿನ ಒಳಗಿನ ಎಳೆಯ ಭಾಗ
- ಕೊತ್ತಂಬರಿ, ಪುದೀನ, ಈರುಳ್ಳಿ ಹೂವು (ಸ್ಪ್ರಿಂಗ್ ಆನಿಯನ್), ಮೊಳಕೆ ಕಾಳು
- ನಿಂಬೆ ಹೋಳು, ಹಸಿ ಮೆಣಸಿನಕಾಯಿ, ಬೇಯಿಸಿದ ಮೊಟ್ಟೆ

ಉಪ್ಪಿಟ್ಟಿಗೆ ಬಳಸುವ ಗೋಧಿ ಅಥವಾ ರವೆ ಶಾವಿಗೆ ಇದಕ್ಕೆ ಆಗುವುದಿಲ್ಲ. ಅಕ್ಕಿ ನೂಡಲ್ಸ್ ಸಿಗದಿದ್ದರೆ ಮನೆಯಲ್ಲೇ ಒತ್ತಿದ ಅಕ್ಕಿ ಒತ್ತು ಶಾವಿಗೆ ಬಳಸಬಹುದು. ಲಾವೋಸ್‌ನಲ್ಲೂ ಅಕ್ಕಿ ಹಿಟ್ಟನ್ನು ಒತ್ತಿಯೇ ನೂಡಲ್ಸ್ ಮಾಡುತ್ತಾರೆ. ಆದರೆ ಅಲ್ಲಿ ಅಕ್ಕಿಯನ್ನು ಹುಳಿ ಬರಿಸಿ, ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಒತ್ತುತ್ತಾರೆ.

ಗಲಂಗಲ್, ಕಾಫಿರ್ ಲೈಮ್ ಎಲೆ, ಫಿಶ್ ಸಾಸ್ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಮತ್ತು ದೆಹಲಿಯ ಐಎನ್‌ಎ ಮಾರ್ಕೆಟ್‌ನಂತಹ ಕಡೆ ಸಿಗುತ್ತವೆ. ಗಲಂಗಲ್ ಸಿಗದಿದ್ದರೆ ಸ್ವಲ್ಪ ಹಸಿ ಶುಂಠಿ, ಕಾಫಿರ್ ಲೈಮ್ ಬದಲು 2-3 ಎಳೆಯ ನಿಂಬೆ ಎಲೆ ಹಾಕಬಹುದು. ರುಚಿ ಸ್ವಲ್ಪ ಬೇರೆಯಾಗುತ್ತದೆ, ಸೂಪ್ ಕೆಡುವುದಿಲ್ಲ.

ಕರಿ ಪೇಸ್ಟ್ ಮನೆಯಲ್ಲೇ ಮಾಡುವುದಾದರೆ

12 ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಬಿಸಿ ನೀರಿನಲ್ಲಿ 20 ನಿಮಿಷ ನೆನೆಸಿ. ಹೆಚ್ಚು ಖಾರ ಬೇಕಿದ್ದರೆ 3-4 ಗುಂಟೂರು ಮೆಣಸಿನಕಾಯಿ ಸೇರಿಸಿ. ಇದಕ್ಕೆ 1 ಟೇಬಲ್ ಚಮಚ ಕೊತ್ತಂಬರಿ ಬೀಜ, 1 ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಕಾಳುಮೆಣಸು ಹುರಿದು ಹಾಕಿ. 6 ಸಣ್ಣ ಈರುಳ್ಳಿ, 8 ಎಸಳು ಬೆಳ್ಳುಳ್ಳಿ, 2 ಕಡ್ಡಿ ಮಜ್ಜಿಗೆ ಹುಲ್ಲಿನ ಬುಡದ ಬಿಳಿ ಭಾಗ, ಒಂದು ತುಂಡು ಗಲಂಗಲ್, ಕೊತ್ತಂಬರಿ ಸೊಪ್ಪಿನ ಬೇರು ಅಥವಾ ಕಡ್ಡಿ ಸೇರಿಸಿ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ. ಸಿಗಡಿ ಪೇಸ್ಟ್ ಇದ್ದರೆ ಅರ್ಧ ಟೀ ಚಮಚ ಸಾಕು.

ಮಾಡುವ ವಿಧಾನ

1. ಕೋಳಿ ಮಾಂಸವನ್ನು 2 ಲೀಟರ್ ನೀರು, ಜಜ್ಜಿದ ಮಜ್ಜಿಗೆ ಹುಲ್ಲು, ಗಲಂಗಲ್, ಲೈಮ್ ಎಲೆ ಮತ್ತು 1 ಟೀ ಚಮಚ ಉಪ್ಪಿನೊಂದಿಗೆ ಒಲೆಯ ಮೇಲಿಡಿ. ಮೇಲೆ ಬರುವ ನೊರೆ ತೆಗೆಯುತ್ತಾ ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಿ. ನಾಟಿ ಕೋಳಿಯಾದರೆ ಮಾಂಸ ಮೂಳೆ ಬಿಡುವವರೆಗೆ ಇನ್ನೂ ಹೆಚ್ಚು ಹೊತ್ತು ಬೇಕು.

2. ಮಾಂಸವನ್ನು ಹೊರತೆಗೆದು, ಆರಿದ ಮೇಲೆ ಮೂಳೆ ಬೇರ್ಪಡಿಸಿ, ಕೈಯಿಂದಲೇ ಎಳೆ ಎಳೆಯಾಗಿ ಬಿಡಿಸಿ. ಬೇಯಿಸಿದ ನೀರನ್ನು ಸೋಸಿಡಿ. ಸೂಪ್‌ನ ಜೀವಾಳ ಇದೇ, ಚೆಲ್ಲಬೇಡಿ.

3. ಅಗಲ ಪಾತ್ರೆಯಲ್ಲಿ ಎಣ್ಣೆ ಬಿಸಿ ಮಾಡಿ, ಹೆಚ್ಚಿದ ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ. ಕರಿ ಪೇಸ್ಟ್ ಹಾಕಿ ಹಸಿ ವಾಸನೆ ಹೋಗಿ, ಬದಿಯಲ್ಲಿ ಕೆಂಪಗೆ ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ 5ರಿಂದ 7 ನಿಮಿಷ ಹುರಿಯಿರಿ. ತಳ ಹಿಡಿಯುತ್ತಿದ್ದರೆ ಒಂದೆರಡು ಚಮಚ ತೆಂಗಿನ ಹಾಲು ಹಾಕಿ.

4. ಸೋಸಿಟ್ಟ ಕೋಳಿ ನೀರು ಮತ್ತು ಕಳಲೆ ಹಾಕಿ 15 ನಿಮಿಷ ಕುದಿಸಿ. ತಾಜಾ ತೆಂಗಿನಕಾಯಿ ಬಳಸುವವರು ಎರಡನೇ ಸಲ ಹಿಂಡಿದ ತೆಳು ಹಾಲನ್ನು ಈಗ ಹಾಕಬೇಕು.

5. ಬಿಡಿಸಿದ ಮಾಂಸ ಹಾಕಿ, ಉರಿ ಸಣ್ಣ ಮಾಡಿ, ಗಟ್ಟಿ ಹಾಲು ಅಥವಾ ಡಬ್ಬಿಯ ಹಾಲು ಸೇರಿಸಿ. ಒಂದು ಸಣ್ಣ ಕುದಿ ಬಂದರೆ ಸಾಕು. ಕೊನೆಯಲ್ಲಿ ಸಕ್ಕರೆ, ಫಿಶ್ ಸಾಸ್ ಹಾಕಿ ರುಚಿ ನೋಡಿ. ಫಿಶ್ ಸಾಸ್‌ನಲ್ಲೇ ಸಾಕಷ್ಟು ಉಪ್ಪಿರುವುದರಿಂದ, ಉಪ್ಪು ಬೇಕೆನಿಸಿದರೆ ಮಾತ್ರ ಸೇರಿಸಿ.

6. ಬೇರೆ ಪಾತ್ರೆಯಲ್ಲಿ ನೀರು ಕುದಿಸಿ ನೂಡಲ್ಸ್ ಬೇಯಿಸಿ. ತೆಳು ನೂಡಲ್ಸ್‌ಗೆ 3ರಿಂದ 5 ನಿಮಿಷ ಸಾಕು. ಬಸಿದು, ತಣ್ಣೀರಿನಲ್ಲಿ ತೊಳೆದು, ಒಂದು ಹಿಡಿಯಷ್ಟು ತೆಗೆದುಕೊಂಡು ಬೆರಳಿಗೆ ಸುತ್ತಿ ಸಣ್ಣ ಸುರುಳಿ ಮಾಡಿಡಿ. ಹೀಗೆ ಮಾಡಿದರೆ ಅಂಟಿಕೊಳ್ಳುವುದಿಲ್ಲ, ಬಡಿಸುವುದೂ ಸುಲಭ.

7. ಬಟ್ಟಲಿನ ತಳದಲ್ಲಿ ಎರಡು ಮೂರು ಸುರುಳಿ ನೂಡಲ್ಸ್, ಮೇಲೆ ಹಸಿ ತರಕಾರಿ, ಸೊಪ್ಪು ಹಾಕಿ. ಅದರ ಮೇಲೆ ಕುದಿ ಬಿಸಿಯ ಸೂಪ್ ಸುರಿಯಿರಿ. ನಿಂಬೆ, ಮೆಣಸಿನಕಾಯಿ, ಮೊಟ್ಟೆ ಅವರವರ ಇಷ್ಟಕ್ಕೆ.

ಕಳಲೆ ಬಗ್ಗೆ ಎಚ್ಚರ ಇರಲಿ

ಡಬ್ಬಿಯಲ್ಲಿ ಬರುವ ಕಳಲೆ ಮೊದಲೇ ಬೆಂದಿರುತ್ತದೆ. ತೊಳೆದು, ಒಮ್ಮೆ ಕುದಿಸಿ ನೀರು ಚೆಲ್ಲಿದರೆ ವಾಸನೆ ಕಡಿಮೆಯಾಗುತ್ತದೆ. ಆದರೆ ಮಳೆಗಾಲದಲ್ಲಿ ಸಿಗುವ ತಾಜಾ ಕಳಲೆಯನ್ನು ಹಸಿಯಾಗಿ ತಿನ್ನುವಂತಿಲ್ಲ. ಅದರಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ಮಲೆನಾಡು, ಕೊಡಗಿನ ಮನೆಗಳಲ್ಲಿ ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ನಂತರ ಬೇಯಿಸುವುದು ಇದೇ ಕಾರಣಕ್ಕೆ. ಇಲ್ಲಿಯೂ ಅದೇ ಕ್ರಮ ಅನುಸರಿಸಿ. ಮುಚ್ಚಳ ಮುಚ್ಚದೆ ಚೆನ್ನಾಗಿ ಕುದಿಸಿ, ಆ ನೀರನ್ನು ಚೆಲ್ಲಿದ ಮೇಲಷ್ಟೇ ಸೂಪ್‌ಗೆ ಹಾಕಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ನೂಡಲ್ಸನ್ನು ಸೂಪ್‌ನಲ್ಲೇ ಬೇಯಿಸುವುದು: ನೂಡಲ್ಸ್ ನೀರು ಹೀರಿ ಉಬ್ಬುತ್ತದೆ, ಸೂಪ್ ಗಂಜಿಯಂತಾಗುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿಡುವಾಗಲೂ ಎರಡನ್ನೂ ಬೇರೆ ಬೇರೆಯಾಗಿಯೇ ಇಡಿ.
- ತೆಂಗಿನ ಹಾಲನ್ನು ಜೋರಾಗಿ ಕುದಿಸುವುದು: ಹಾಲು ಒಡೆದು ಎಣ್ಣೆ ಮೇಲೆ ತೇಲುತ್ತದೆ.
- ಪೇಸ್ಟನ್ನು ಅವಸರದಲ್ಲಿ ಹುರಿಯುವುದು: ಮೆಣಸಿನಕಾಯಿಯ ಹಸಿ ವಾಸನೆ ಕೊನೆಯವರೆಗೂ ಉಳಿಯುತ್ತದೆ.
- ಸಪ್ಪೆ ಸೂಪ್: ನೂಡಲ್ಸ್‌ಗೂ ತರಕಾರಿಗೂ ಉಪ್ಪು ಹಾಕಿರುವುದಿಲ್ಲ. ಆದ್ದರಿಂದ ಪಾತ್ರೆಯಲ್ಲಿರುವಾಗ ಸೂಪ್‌ಗೆ ಉಪ್ಪು ತುಸು ಮುಂದಾಗಿಯೇ ಇರಬೇಕು.
- ಬಾಳೆ ಹೂವು ಕಪ್ಪಾಗುವುದು: ಹೆಚ್ಚಿದ ತಕ್ಷಣ ನಿಂಬೆ ರಸ ಬೆರೆಸಿದ ನೀರಿನಲ್ಲಿ ಹಾಕಿಡಿ.

ಸಸ್ಯಾಹಾರಿಗಳು ಏನು ಮಾಡಬಹುದು?

ಹ್ಮಾಂಗ್ ಮನೆಗಳಲ್ಲಿ ಇದು ಮಾಂಸದ ಅಡುಗೆಯೇ. ಸಸ್ಯಾಹಾರಿಗಳು ಕೋಳಿಯ ಬದಲು ಅಣಬೆ, ಕ್ಯಾರೆಟ್, ಈರುಳ್ಳಿ ಬೇಯಿಸಿದ ನೀರು ಬಳಸಿ, ಹುರಿದ ತೋಫು ಹಾಕಬಹುದು. ಫಿಶ್ ಸಾಸ್ ಬದಲು ಸೋಯಾ ಸಾಸ್ ಸಾಕು. ಗಮನಿಸಬೇಕಾದ ಸಂಗತಿ ಎಂದರೆ, ಅಂಗಡಿಯಲ್ಲಿ ಸಿಗುವ ಅನೇಕ ಕೆಂಪು ಕರಿ ಪೇಸ್ಟ್‌ಗಳಲ್ಲಿ ಸಿಗಡಿ ಇರುತ್ತದೆ. ಸಸ್ಯಾಹಾರಿಗಳು ಮತ್ತು ಸಿಗಡಿ ಅಲರ್ಜಿ ಇರುವವರು ಲೇಬಲ್ ಓದಿಯೇ ಕೊಳ್ಳಬೇಕು.

ಅಳತೆ ಇಲ್ಲದ ಅಡುಗೆ ಈಗ ಬರಹಕ್ಕೆ

ಶಿಬಿರ ಕಂಡ ತಲೆಮಾರಿನ ತಾಯಂದಿರಿಗೆ ಚಮಚ, ಕಪ್ಪಿನ ಲೆಕ್ಕ ಬೇಕಿರಲಿಲ್ಲ. ಅಮೆರಿಕದಲ್ಲಿ ಹುಟ್ಟಿ, ಮನೆ ಭಾಷೆಗಿಂತ ಇಂಗ್ಲಿಷ್ ಚೆನ್ನಾಗಿ ಬಲ್ಲ ಮಕ್ಕಳಿಗೆ ಆ ಕೈ ಅಂದಾಜು ಸುಲಭವಾಗಿ ದಾಟುವುದಿಲ್ಲ. ಪಕ್ಕದಲ್ಲಿ ನಿಂತು ನೋಡದಿದ್ದರೆ ಅಡುಗೆ ಅಲ್ಲಿಗೇ ನಿಲ್ಲುತ್ತದೆ. ಈ ಕಾರಣಕ್ಕೆ ಶೆಂಗ್ ಯಾಂಗ್ ಮತ್ತು ಸಾಮಿ ಸ್ಕ್ರಿಪ್ಟರ್ ಬರೆದ 'ಕುಕಿಂಗ್ ಫ್ರಮ್ ದಿ ಹಾರ್ಟ್' ಎಂಬ ಹ್ಮಾಂಗ್ ಅಡುಗೆ ಪುಸ್ತಕಕ್ಕೆ ಮಹತ್ವವಿದೆ. 2009ರಲ್ಲಿ ಅದನ್ನು ಮಿನ್ನೆಸೋಟಾ ವಿಶ್ವವಿದ್ಯಾಲಯದ ಪ್ರಕಾಶನ ಹೊರತಂದಿತು. ಥಾಯ್ಲೆಂಡ್‌ನ ಶಿಬಿರದಲ್ಲಿ ಹುಟ್ಟಿದ ಬಾಣಸಿಗ ಯಿಯಾ ವಾಂಗ್ ಮಿನಿಯಾಪೊಲಿಸ್‌ನಲ್ಲಿ ತೆರೆದ ರೆಸ್ಟೋರೆಂಟ್‌ಗೆ ಇಟ್ಟಿರುವ ಹೆಸರು 'ವಿನಾಯ್'. ಅದು ಬಾನ್ ವಿನಾಯ್ ಶಿಬಿರದ ನೆನಪು.

ಕಾಪೂನ್ ಇಬ್ಬರಿಗೆಂದು ಮಾಡುವ ಅಡುಗೆಯಲ್ಲ. ದೊಡ್ಡ ಪಾತ್ರೆಯ ತುಂಬ ಸೂಪ್, ಪಕ್ಕದಲ್ಲಿ ತಟ್ಟೆ ತುಂಬ ಸೊಪ್ಪು, ನೂಡಲ್ಸ್ ಸುರುಳಿಗಳು. ಬಂದವರು ತಾವೇ ಬಡಿಸಿಕೊಳ್ಳುತ್ತಾರೆ, ತಡವಾಗಿ ಬಂದವರಿಗೂ ಮಿಕ್ಕಿರುತ್ತದೆ. ಮನೆಯಲ್ಲಿ ಮೊದಲ ಸಲ ಪ್ರಯತ್ನಿಸುವವರು ರಜೆಯ ದಿನ, ನಾಲ್ಕು ಜನರನ್ನು ಊಟಕ್ಕೆ ಕರೆದು ಮಾಡುವುದು ಒಳ್ಳೆಯದು. ತರಕಾರಿ ಹೆಚ್ಚಲು, ನೂಡಲ್ಸ್ ಸುತ್ತಲು ಹೇಗೂ ಕೈಗಳು ಬೇಕಾಗುತ್ತವೆ.